ತುಪ್ಪದ ಲೆಕ್ಕ

ಮಾಂಸವನ್ನೇ ಮುಟ್ಟದ ಮನೆಗಳಲ್ಲಿ ಕೊಲೆಸ್ಟ್ರಾಲ್ ಏರುವುದೆಂತು ಎಂದು ಅನೇಕ ಶ್ರಾವಕರು ಅಚ್ಚರಿಪಡುವರು. ಅದರ ಬಹುಪಾಲನ್ನು ಮನುಷ್ಯದೇಹವೇ ತಯಾರಿಸುತ್ತದೆ. ತುಪ್ಪದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಸಂತೃಪ್ತ ಕೊಬ್ಬು. ಅದು ಮಿತಿಮೀರಿದರೆ, ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹಿಂದೆಗೆದುಕೊಳ್ಳುವ ಯಕೃತ್ತಿನ ಶಕ್ತಿ ಕುಂದುತ್ತದೆ. ದಿನವಿಡೀ ಗಾದಿಯ ಮೇಲೆ ಕುಳಿತು, ಪಾರಣೆಯಂದು ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುವ ವರ್ತಕನ ಖಾತೆಯಲ್ಲಿ ಉಪವಾಸದ ಜಮೆ ಎಷ್ಟು ಉಳಿದೀತು?

ಆರು ಬಾಹ್ಯತಪಗಳಲ್ಲಿ ರಸಪರಿತ್ಯಾಗವೂ ಒಂದು. ಅದರ ಗುರಿ ಇಂದ್ರಿಯಜಯವೇ ಹೊರತು ಆರೋಗ್ಯವಲ್ಲ, ನಿಜ; ಆದರೂ ತುಪ್ಪಕ್ಕೆ ಮಿತಿಯಿಟ್ಟು, ಹೆಸರು, ಕಡಲೆ, ಬಾರ್ಲಿಗಳನ್ನು ಹೆಚ್ಚಿಸಿ, ಬಸದಿಗೆ ನಡೆದೇ ಹೋಗುವ ಗೃಹಸ್ಥನಿಗೆ ಎರಡೂ ದಕ್ಕಬಹುದು. ಇವುಗಳ ಕರಗುವ ನಾರು ಪಿತ್ತಾಮ್ಲವನ್ನು ಹಿಡಿದು ಹೊರಹಾಕುವುದರಿಂದ, ಅದನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸುತ್ತದೆ. ವಂಶಪಾರಂಪರ್ಯವಾಗಿ ಬಂದ ಏರಿಕೆ ಮಾತ್ರ ಪಥ್ಯಕ್ಕಷ್ಟೇ ಮಣಿಯದು. ಅಂಥವರು ವೈದ್ಯರ ಮಾತ್ರೆಯನ್ನು ವ್ರತದ ನೆಪದಲ್ಲಿ ನಿಲ್ಲಿಸಲಾಗದು.