ತಂದೆ ಕೊಟ್ಟ ಹಕ್ಕಿಗಳು

ನಮ್ಮ ಮನೆಯ ಹಿತ್ತಲು ಹೆಸರಿಗಷ್ಟೇ ಹಿತ್ತಲು. ಬಟ್ಟೆ ಒಗೆಯುವ ಒಂದು ಕಲ್ಲು, ಒಂದು ತುಳಸಿಕಟ್ಟೆ, ಒಂದು ದಾಸವಾಳದ ಗಿಡ, ಇಷ್ಟರಲ್ಲಿ ಅದರ ವಿಸ್ತಾರ ಮುಗಿಯುತ್ತದೆ. ಕಳೆದ ಬೇಸಗೆಯಲ್ಲಿ ಒಂದು ಜೊತೆ ಪಿಕಳಾರಗಳು ಆ ದಾಸವಾಳವನ್ನು ತಮ್ಮ ಸಂಸಾರಕ್ಕೆ ಆರಿಸಿಕೊಂಡವು. ಮೊದಲು ಕಂಡವಳು ಎಂಟು ವರ್ಷದ ನನ್ನ ಮಗಳು. “ಅಪ್ಪ, ನಮ್ಮನೆಗೆ ಬಾಡಿಗೆಗೆ ಬಂದಿದಾರೆ!” ಎಂದು ಅವಳು ಪಿಸುಗುಟ್ಟಿದಾಗ, ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬದಿಗೊತ್ತಿ ನಾನೂ ಓಡಿದೆ.

ಬಟ್ಟಲಿನಂತಹ ಗೂಡು, ಅದರಲ್ಲಿ ನಸುಗೆಂಪು ಚುಕ್ಕೆಗಳ ಮೂರು ಮೊಟ್ಟೆ. ಚಿತ್ರ ತೆಗೆಯಬೇಕೆನ್ನಿಸಿತು. ಆದರೆ ಮೊಬೈಲಿನ ಕಣ್ಣಿಗೆ ಎಲೆ ತುಂಬಿದ ಎರಡು ರೆಂಬೆಗಳು ಅಡ್ಡ ಬಂದಿದ್ದವು. ಕತ್ತರಿ ತಂದೆ. “ಬೇಡಾಂದ್ರೆ, ಪಾಪ, ಅವುಗಳ ಮರೆ ಅದು” ಎಂದಳು ನನ್ನಾಕೆ. “ಎರಡೇ ರೆಂಬೆ ಕಣೇ” ಎಂದು ಕತ್ತರಿಸಿಯೇಬಿಟ್ಟೆ. ಚಿತ್ರವೇನೋ ಸೊಗಸಾಗಿ ಬಂತು. ನೆಂಟರಿಷ್ಟರಿಗೆಲ್ಲ ಕಳುಹಿಸಿದೆ; ಮೆಚ್ಚುಗೆಗೂ ಕೊರತೆಯಾಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಗೂಡು ಬರಿದಾಗಿತ್ತು. ಕಾಂಪೌಂಡಿನ ಮೇಲೆ ಕುಳಿತ ಕಾಗೆಯೊಂದು ಸಾವಧಾನವಾಗಿ ಕೊಕ್ಕು ಒರೆಸಿಕೊಳ್ಳುತ್ತಿತ್ತು. ಮಗಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು.

ಇದಾದ ಕೆಲವು ವಾರಗಳಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ನನ್ನ ಕೈಗೆ ಬಂದದ್ದು ‘ಹೋಮಿಂಗ್ ವಿತ್ ದ ಬರ್ಡ್ಸ್’ ಎಂಬ ಗ್ರಂಥ. 1919ರಲ್ಲಿ ಪ್ರಕಟವಾದದ್ದು, ಬರೆದಾಕೆ ಜೀನ್ ಸ್ಟ್ರ್ಯಾಟನ್-ಪೋರ್ಟರ್ ಎಂಬ ಅಮೆರಿಕದ ಕಾದಂಬರಿಗಾರ್ತಿ. ಆಕೆ ಕಾದಂಬರಿಗಾರ್ತಿಯಾದದ್ದು ಆಮೇಲೆ. ಅದಕ್ಕೆ ಮುಂಚೆಯೇ ಹಕ್ಕಿಗಳ ಛಾಯಾಗ್ರಾಹಕಿ. ತಪ್ಪು ಮಾಡಿದವನಿಗೆ ತಕ್ಕ ಪುಸ್ತಕ ತಾನಾಗಿ ಸಿಗುವುದೂ ಉಂಟು.

ಜೀನ್ ಹುಟ್ಟಿದ್ದು 1863ರಲ್ಲಿ, ಇಂಡಿಯಾನಾ ಪ್ರಾಂತದ ವಾಬಾಶ್ ಸೀಮೆಯ ಒಂದು ಹೊಲಮನೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ಕೊನೆಯವಳು. ತಂದೆ ಮಾರ್ಕ್ ಸ್ಟ್ರ್ಯಾಟನ್ ಬೇಸಾಯಗಾರ, ಜೊತೆಗೆ ಮೆಥಡಿಸ್ಟ್ ಪಂಥದ ಬೋಧಕ. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡ ಹಿರಿಯರಿದ್ದಂತೆ, ಬೈಬಲಿನ ವಂಶಾವಳಿಗಳನ್ನುಳಿದು ಮಿಕ್ಕುದೆಲ್ಲ ಆತನಿಗೆ ಬಾಯಿಪಾಠವಾಗಿತ್ತೆಂದು ಮಗಳು ಅಭಿಮಾನದಿಂದ ಹೇಳಿಕೊಂಡಿದ್ದಾಳೆ.

ಅಂಥ ತಂದೆ ಒಮ್ಮೆ ಗಿಡುಗವೊಂದಕ್ಕೆ ಗುಂಡು ಹಾರಿಸಿದ. ಕೋಳಿಮರಿಗಳನ್ನು ಸಾಕಿದ ರೈತನಿಗೆ ಗಿಡುಗ ಶತ್ರುವಲ್ಲದೆ ಮತ್ತೇನು? ರೆಕ್ಕೆ ಮುರಿದು ಬಿದ್ದ ಹಕ್ಕಿಯನ್ನು ಮುಗಿಸಲು ಆತ ಮುಂದಾದಾಗ ಪುಟ್ಟ ಹುಡುಗಿ ನಡುವೆ ನುಗ್ಗಿ ಅದನ್ನು ಕಾಪಾಡಿದಳು. ಆರೈಕೆ ಮಾಡಿ ಬದುಕಿಸಿದಳು. ತಂದೆ ಯೋಚನೆಗೆ ಬಿದ್ದ. ಕಡೆಗೆ, ತನ್ನ ಹೊಲದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೆಲ್ಲ ಮಗಳಿಗೆ ದಾನವಾಗಿ ಕೊಟ್ಟುಬಿಟ್ಟ.

ಈ ದಾನವನ್ನು ಓದಿದಾಗ ನನಗೆ ನಗು ಬಂತು. ಆಕಾಶದಲ್ಲಿ ಹಾರುವುದನ್ನು ಯಾರು ಯಾರಿಗೆ ಕೊಡಲಾದೀತು? ಆದರೆ ಹುಡುಗಿ ನಗಲಿಲ್ಲ. ಒಡೆತನವೆಂದರೆ ಅವಳಿಗೆ ಹೊಣೆ ಎಂಬ ಅರ್ಥ. ಹತ್ತಾರು ಗೂಡುಗಳನ್ನು ಸುತ್ತಿ ಬರುವುದು ಅವಳ ನಿತ್ಯವ್ರತವಾಯಿತು. ತಂದೆಯ ಬೈಬಲಿನಲ್ಲಿ ಇದಕ್ಕೆ ಆಧಾರಗಳೂ ಇದ್ದವು. ಒಂದು ಗುಬ್ಬಿ ನೆಲಕ್ಕೆ ಬಿದ್ದರೂ ಪರಲೋಕದ ತಂದೆಗೆ ಅದರ ಅರಿವಿದೆಯೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ದಾರಿಯಲ್ಲಿ ಗೂಡು ಕಂಡರೆ ಮರಿಗಳೊಡನೆ ತಾಯಿಹಕ್ಕಿಯನ್ನೂ ಹಿಡಿಯಬಾರದೆಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ನನ್ನ ಕತ್ತರಿ ನೆನಪಾಗಿ, ಈ ವಾಕ್ಯಗಳ ಮುಂದೆ ತುಸು ಹೊತ್ತು ಪುಸ್ತಕ ಮುಚ್ಚಿ ಕುಳಿತೆ.

ಮದುವೆಯಾದ ಮೇಲೆ ಜೀನ್ ನೆಲೆಸಿದ್ದು ಜಿನೀವಾ ಎಂಬ ಸಣ್ಣ ಊರಿನಲ್ಲಿ. ಸ್ವಿಟ್ಜರ್ಲೆಂಡಿನದಲ್ಲ, ಇಂಡಿಯಾನಾದ್ದೇ. ಹತ್ತಿರದಲ್ಲೇ ಸುಮಾರು 13,000 ಎಕರೆಗಳ ಲಿಂಬರ್ಲಾಸ್ಟ್ ಎಂಬ ಜೌಗುಕಾಡು. ಆಕೆಯ ಹಕ್ಕಿಲೇಖನಗಳಿಗೆ ಪತ್ರಿಕೆಯವರು ಹೊಟ್ಟೆಗೆ ಹತ್ತಿ ತುರುಕಿದ ಸತ್ತ ಹಕ್ಕಿಗಳ ಚಿತ್ರ ಹಾಕಹೊರಟಾಗ, ಅದನ್ನು ಸಹಿಸದೆ ತಾನೇ ಕ್ಯಾಮೆರಾ ಹಿಡಿದಳು. ಸ್ನಾನದ ಮನೆಯೇ ಕತ್ತಲೆಕೋಣೆ. ಅಡಿಗೆಮನೆಯ ದೊಡ್ಡ ತಟ್ಟೆಗಳೇ ಗಾಜಿನ ಫಲಕಗಳನ್ನು ತೊಳೆಯುವ ಪಾತ್ರೆಗಳು. ಗೃಹಿಣಿಯೊಬ್ಬಳ ವಿದ್ಯೆ ಅಡಿಗೆಮನೆಯಿಂದಲೇ ಆರಂಭವಾಯಿತೆನ್ನಬೇಕು.

ಆಕೆಯ ಪದ್ಧತಿ ಸರಳ, ಆದರೆ ಸುಲಭವಲ್ಲ. ಹಕ್ಕಿ ತನಗೆ ಹೆದರದಂತಾಗುವವರೆಗೆ ಕಾಯುವುದು. ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಹತ್ತಿರವಾಗುವುದು. ಗೂಡಿಗೆ ಅಪಾಯ ತಾರದಿರುವುದು. ಲಿಂಬರ್ಲಾಸ್ಟಿನ ಟೊಳ್ಳು ದಿಮ್ಮಿಯೊಂದರಲ್ಲಿ ಕರಿ ರಣಹದ್ದಿನ ಮರಿಯೊಂದು ಸಿಕ್ಕಿತು. ಸೆಕೆ, ಸೊಳ್ಳೆ, ಹಾವು, ಎಲ್ಲಕ್ಕೂ ಮಿಗಿಲಾಗಿ ಆ ಗೂಡಿನ ದುರ್ನಾತ. ಇವನ್ನೆಲ್ಲ ಸಹಿಸಿಕೊಂಡು ಗಂಡನ ನೆರವಿನಿಂದ ಸುಮಾರು ಮೂರು ತಿಂಗಳ ಕಾಲ ಅದರ ಬೆಳವಣಿಗೆಯನ್ನು ಚಿತ್ರಿಸಿದಳು. ಜನ ಮೂಗು ಮುಚ್ಚಿಕೊಳ್ಳುವ ಆ ಜೀವಿಗೆ ಆಕೆ ಇಟ್ಟ ಹೆಸರು ‘ಲಿಟಲ್ ಚಿಕನ್’, ನಮ್ಮ ಮಾತಿನಲ್ಲಿ ‘ಪುಟ್ಟ ಕೋಳಿಮರಿ’! 1904ರ ‘ಫ್ರೆಕಲ್ಸ್’ ಕಾದಂಬರಿಗೆ ಪ್ರೇರಣೆಯಾದದ್ದೂ ಆ ಹದ್ದಿನ ಸಂಸಾರವೇ. 1909ರಲ್ಲಿ ಬೈಬಲಿನಲ್ಲಿ ಬರುವ ಹಕ್ಕಿಗಳ ಬಗೆಗೇ ‘ಬರ್ಡ್ಸ್ ಆಫ್ ದ ಬೈಬಲ್’ ಎಂಬ ಸಚಿತ್ರ ಗ್ರಂಥವನ್ನು ಹೊರತಂದಳು. ತಂದೆಯ ಬಾಯಿಪಾಠಕ್ಕೆ ಮಗಳು ಚಿತ್ರಗಳನ್ನು ಕೂಡಿಸಿದಂತಾಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಪುಣ್ಯಕಥೆಯಾದೀತು; ಬದುಕು ಅಷ್ಟು ನೇರವಲ್ಲ. 1888ರಿಂದ 1910ರವರೆಗಿನ ಅವಧಿಯಲ್ಲಿ ಲಿಂಬರ್ಲಾಸ್ಟಿನ ನೀರನ್ನು ಕಾಲುವೆ ತೋಡಿ ಬಸಿದು ಹೊಲಗಳಾಗಿಸಿದರು. ಎಣ್ಣೆಯ ಬಾವಿಗಳನ್ನೂ ಕೊರೆದರು. ಆಕೆಯ ಗಂಡನ ಜಮೀನಿನಲ್ಲಿಯೇ ಅರವತ್ತಕ್ಕೂ ಮಿಕ್ಕಿ ಬಾವಿಗಳಿದ್ದವು. ಹಕ್ಕಿಗಳನ್ನು ಓಡಿಸಿದ ಎಣ್ಣೆಯೇ ಹಕ್ಕಿಗಳ ಗೆಳತಿಯ ಮನೆಗೆ ಐಶ್ವರ್ಯವನ್ನೂ ತಂದಿತು.

ಅದಕ್ಕಿಂತ ನನ್ನನ್ನು ನೋಯಿಸಿದ್ದು ಇನ್ನೊಂದು ಸಂಗತಿ. ‘ಹರ್ ಫಾದರ್ಸ್ ಡಾಟರ್’ ಎಂಬುದು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ 1921ರಲ್ಲಿ ಆಕೆ ಪ್ರಕಟಿಸಿದ ಕಾದಂಬರಿ. ಅಲ್ಲಿ ನೆಲೆಸಿದ್ದ ಜಪಾನೀಯರನ್ನು ಕುರಿತು ಅದರಲ್ಲಿ ಬರುವ ತಿರಸ್ಕಾರದ ಮಾತುಗಳನ್ನು ಏಷ್ಯದವನಾದ ನಾನು ತಣ್ಣಗೆ ಓದಲಾರದೆ ಹೋದೆ. ರಣಹದ್ದಿನ ಮರಿಯಲ್ಲಿ ಸೃಷ್ಟಿಕರ್ತನ ಕೈವಾಡವನ್ನು ಕಂಡವಳಿಗೆ ಪರದೇಶದಿಂದ ಬಂದು ದುಡಿಯುವ ಮನುಷ್ಯನಲ್ಲಿ ಅದು ಕಾಣಲಿಲ್ಲವೇ? ಬಹುಶಃ ಉತ್ತರ ಆಕೆಯ ಪದ್ಧತಿಯಲ್ಲಿಯೇ ಇದೆ. ಹದ್ದಿನ ಮರಿಯ ಬಳಿ ಮೂರು ತಿಂಗಳು ಕಳೆದಳು; ಆ ನೆರೆಯವರ ಬಳಿ ಹಾಗೆ ಕುಳಿತಂತೆ ತೋರದು. ಭಕ್ತಿ ಎಷ್ಟೇ ದೊಡ್ಡದಿರಲಿ, ತಾಳ್ಮೆಯಿಂದ ನೋಡಿದಷ್ಟನ್ನೇ ನಾವು ಪ್ರೀತಿಸಬಲ್ಲೆವೇನೋ. ಈ ಮಾತನ್ನು ಆಕೆಯ ಮೇಲೆ ತೀರ್ಪೆಂದು ಬರೆಯುತ್ತಿಲ್ಲ. ಎರಡು ನಿಮಿಷವೂ ಕಾಯಲಾರದೆ ಕತ್ತರಿ ತಂದವನು ನಾನು.

ಜೌಗು ಅಳಿಯುತ್ತಿರಲು, 1912ರಲ್ಲಿ ಸಿಲ್ವನ್ ಸರೋವರದ ದಂಡೆಯಲ್ಲಿ ಜಮೀನು ಕೊಂಡು, ನಾಶವಾಗುತ್ತಿದ್ದ ಕಾಡುಹೂಗಳ ಗಿಡಗಳನ್ನು ತಂದು ಅಲ್ಲಿ ನೆಡಿಸಿದಳು. 1924ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಆಕೆಯ ಕಾರಿಗೆ ಟ್ರ್ಯಾಮ್ ಬಡಿದು ತೀರಿಕೊಂಡಳು. 1999ರಲ್ಲಿ ಆಕೆಯ ಅವಶೇಷಗಳನ್ನು ಮಗಳ ಅವಶೇಷಗಳೊಡನೆ ತಂದು ಆ ಹೂಗಾಡಿನಲ್ಲಿಯೇ ಸಮಾಧಿ ಮಾಡಿದರು. ಲಿಂಬರ್ಲಾಸ್ಟಿನ ಒಂದು ಭಾಗಕ್ಕೆ ಮರಳಿ ನೀರು ಬಿಟ್ಟು ಜೌಗನ್ನು ಬದುಕಿಸುವ ಕೆಲಸವೂ 1990ರ ದಶಕದಿಂದೀಚೆಗೆ ನಡೆದಿದೆ, ಹಕ್ಕಿಗಳು ಹಿಂದಿರುಗಿವೆ.

ನಮ್ಮ ದಾಸವಾಳವೂ ಚಿಗುರಿ ದಟ್ಟವಾಯಿತು. ಈ ಬೇಸಗೆಯಲ್ಲಿ ಒಂದು ಜೊತೆ ಪಿಕಳಾರಗಳು ಬಂದು ನಾರು ಹೊರತೊಡಗಿವೆ. ಹಳೆಯವೋ ಹೊಸವೋ, ತಿಳಿಯದು. ಮೊನ್ನೆ ಸಂಜೆ ಮಗಳನ್ನು ಹಿಂಬಾಗಿಲ ಮೆಟ್ಟಿಲಿನ ಮೇಲೆ ಕೂರಿಸಿಕೊಂಡು ಗಿಡುಗದ ಕಥೆ ಹೇಳಿದೆ. ಕಡೆಯಲ್ಲಿ, “ಈ ಹಿತ್ತಲಿಗೆ ಬರೋ ಹಕ್ಕಿಗಳೆಲ್ಲ ಇವತ್ತಿನಿಂದ ನಿನ್ನವು, ಪುಟ್ಟಿ” ಎಂದೆ.

ಅವಳು ಬಹಳ ಹೊತ್ತು ಗಿಡವನ್ನೇ ನೋಡುತ್ತಿದ್ದು, ಆಮೇಲೆ ನನ್ನ ಅಂಗಿಯ ಜೇಬಿನ ಕಡೆ ತಿರುಗಿದಳು.

“ಹಾಗಾದ್ರೆ ಆ ಫೋನು ಒಳಗಿಟ್ಟು ಬಾ, ಅಪ್ಪ.”

ಇಟ್ಟು ಬಂದೆ. ಅವಳು ಪಕ್ಕಕ್ಕೆ ಸರಿದು ನನಗೂ ಜಾಗ ಬಿಟ್ಟಳು.