ಕೀರ್ತಿ ನಿಮಗೆ, ಮೀನು ನನಗೆ

ದಾವಣಗೆರೆಯವರಿಗೆ ಬಾಡಿಗೆ ಗಾಡಿ ಎಂದರೆ ಊರೊಳಗೆ ಆಟೊ, ದಿಬ್ಬಣಕ್ಕೆ ಬಸ್ಸು, ಧರ್ಮಸ್ಥಳಕ್ಕೆ ಟೆಂಪೊ ಟ್ರಾವೆಲರ್. ಮೀನು ಹಿಡಿಯಲಿಕ್ಕೆಂದು ದೋಣಿ ಗೊತ್ತುಮಾಡುವುದು ನಮ್ಮ ಜಾಯಮಾನದಲ್ಲಿಲ್ಲ. ಅಮೆರಿಕದಲ್ಲಿರುವ ನನ್ನ ಅಳಿಯ, ಅಕ್ಕನ ಮಗ, ರಜೆಗೆ ಕೆರಿಬಿಯನ್ ದ್ವೀಪವೊಂದಕ್ಕೆ ಹೋಗಿ ಅದನ್ನೇ ಮಾಡಿ ಬಂದ. ಕ್ಯಾಪ್ಟನ್, ಸಹಾಯಕ, ಗಾಳ, ಎರೆ, ಐಸ್ ಪೆಟ್ಟಿಗೆ ಎಲ್ಲವೂ ಬಾಡಿಗೆಯೊಳಗೇ. ಮೀನಿನ ಜಾಡು ಹಿಡಿಯುವವನು ಕ್ಯಾಪ್ಟನ್, ಎರೆ ಸಿಕ್ಕಿಸುವವನು ಸಹಾಯಕ. ಮೀನು ಕಚ್ಚಿದ ಮೇಲೆ ಕೋಲು ನಮ್ಮ ಹುಡುಗನ ಕೈಗೆ. ಫೋಟೊದಲ್ಲಿ ಅವನೊಬ್ಬನೇ. ಇರಲಿ, 1934ರಲ್ಲಿ ಸ್ವಂತಕ್ಕೇ ‘ಪಿಲಾರ್’ ದೋಣಿ ಮಾಡಿಸಿಕೊಂಡ ಸಾಹಿತಿ ಹೆಮಿಂಗ್ವೆಗೂ ಗ್ರೆಗೊರಿಯೊ ಫುಯೆಂತೆಸ್ ಎಂಬ ನಾವಿಕ ಬೇಕಾಗಿತ್ತು.

“ಮೀನು ಏನ್ ಮಾಡಿದ್ಯೋ?” ಎಂದೆ.

“ಅದು ದೋಣಿಯವ್ರದು ಮಾವ. ನಂಗೆ ಎರಡು ತುಂಡು ಕೊಟ್ರು.”

ದುಡ್ಡು ಕೊಟ್ಟವನಿಗೆ ಕೀರ್ತಿ, ದುಡಿದವನಿಗೆ ಮೀನು. ಈ ಕರಾರು ನನಗೆ ಭಾರಿ ಹಿಡಿಸಿತು.

ಕಾವೇರಿ ತೀರದ ಭೀಮೇಶ್ವರಿಯಲ್ಲೂ ಒಂದು ಕಾಲಕ್ಕೆ ತೆಪ್ಪದಲ್ಲಿ ಕೂತು ಬಿಳಿಮೀನಿಗೆ ಗಾಳ ಹಾಕಲು ವಿದೇಶದಿಂದ ಜನ ಬರುತ್ತಿದ್ದರು. ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುವ ಆಟ. ಅಭಯಾರಣ್ಯದ ಕಾನೂನು ಬಿಗಿಯಾಗಿ ಅದು ನಿಂತಿತು.

ನಮ್ಮ ಹರಿಹರದಲ್ಲಿ ಅಂಥ ಶೋಕಿ ಇಲ್ಲ. 1868ರಲ್ಲಿ ಸೇತುವೆ ಆಗುವವರೆಗೆ ತುಂಬಿದ ತುಂಗಭದ್ರೆ ದಾಟಲು ತೆಪ್ಪವೇ ಗತಿ. ಆಮೇಲೆ ಜನ ಮೇಲೆ ನಡೆದರು, ತೆಪ್ಪ ಮೀನು ಹಿಡಿಯುವವರ ಪಾಲಿಗೆ ಉಳಿಯಿತು. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಮುಂದು ಹಿಂದು ಇಲ್ಲದ ಈ ದುಂಡನೆಯ ವಸ್ತು, ಹುಟ್ಟು ಹಾಕಲು ಬಾರದವನ ಕೈಗೆ ಸಿಕ್ಕರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಇದೇ ತುಂಗೆಯ ಮೀನಿಗೆ ಶೃಂಗೇರಿಯಲ್ಲಿ ಭಕ್ತರ ಮಂಡಕ್ಕಿ ಸೇವೆ; ಕೂಡ್ಲಿಯಲ್ಲಿ ಭದ್ರೆ ಕೂಡಿ ಹೊಳೆ ಹರಿಹರಕ್ಕೆ ಬರುವಷ್ಟರಲ್ಲಿ ಮೀನಿನ ದೈವತ್ವವೆಲ್ಲ ಕಳೆದು ಅದು ಸಾರಿಗೆ ಬೀಳುತ್ತದೆ. ಮಂಡಕ್ಕಿಯನ್ನು ಮೆಣಸಿನಕಾಯಿ ಜೊತೆ ತಿನ್ನುವ ನಾವು ಮೀನಿಗೆ ಹಾಕಿ ದಂಡ ಮಾಡುವವರಲ್ಲ.

ಅಳಿಯ ಊರಿಗೆ ಬಂದಾಗ, ನೀರು ತಗ್ಗಿದ ಹೊಳೆಯ ದಂಡೆಯಲ್ಲಿ ತೆಪ್ಪದವರೊಬ್ಬರನ್ನು ಕೇಳಿದೆವು.

“ಏನ್ ತಗಂತೀರಿ ಯಜಮಾನ್ರೆ?”

“ಸುಮ್ನೆ ಸುತ್ತಾಡಾಕೋ, ಮೀನ್ ಹಿಡಿಯಾಕೋ?”

“ಮೀನ್ ಹಿಡಿಯಾಕೆ.”

“ಹಂಗಾರೆ ಬ್ಯಾಡ ಬಿಡ್ರಿ. ನೀವು ಭಾಳ ಮಾತಾಡ್ತೀರಿ.”

ಬಾಯಿ ಬಿಡುವುದಿಲ್ಲವೆಂದು ಒಪ್ಪಿಸಿ ಹತ್ತಿದೆವು. ಹಿಂದಿನ ಸಂಜೆಯೇ ಬಿಟ್ಟಿದ್ದ ಬಲೆಯನ್ನು ಅವರು ಮೊಳ ಮೊಳವಾಗಿ ಎಳೆಯುತ್ತ ಹೋದರು. ರೋಹು ಬಂತು, ಒಂದೆರಡು ಸಣ್ಣಪುಟ್ಟವು, ಕೊನೆಗೆ ಮೀಸೆ ಹೊತ್ತ ಬಾಳೆಮೀನು. ಅಳಿಯ ಅದನ್ನೆತ್ತಿ ಹಿಡಿದು ಫೋಟೊ ತೆಗೆಸಿಕೊಂಡ. ದಡಕ್ಕೆ ಬಂದು ಮೀನನ್ನು ಚೀಲಕ್ಕೆ ಇಳಿಸಲು ಹೋದರೆ ಯಜಮಾನರು ಕೈ ಅಡ್ಡ ಹಿಡಿದರು.

“ಬಾಡಿಗಿ ತೆಪ್ಪದ್ದು. ಮೀನಿನ ರೊಕ್ಕ ಬ್ಯಾರೆ.”

ಅಳಿಯ ತುಟಿ ಪಿಟಕ್ಕೆನ್ನದೆ ಪಾಕೀಟು ತೆಗೆದ. ನಾನು ಮಾತ್ರ ತಕ್ಕಡಿ ಏಳುವ ಮೊದಲೇ ಚೌಕಾಸಿ ಶುರುಮಾಡಿದೆ.