ಯೋಜನೆ ಮತ್ತು ಹೂಟ

ಇಂಗ್ಲಿಷಿನ 'ಪ್ಲಾನ್' ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದರೆ ಯಾವ ವಿದ್ಯಾರ್ಥಿಯೂ ತಡವರಿಸದೆ 'ಯೋಜನೆ' ಎನ್ನುತ್ತಾನೆ. 'ಸ್ಕೀಮ್' ಎಂದರೇನೆಂದು ಕೇಳಿದರೂ ಅದೇ ಉತ್ತರ. 'ಪ್ರಾಜೆಕ್ಟ್' ಎಂದರೂ ಅದೇ. ಇಂಗ್ಲಿಷ್ ಮೂರು ಪದಗಳಿಗೆ ಹಂಚಿಕೊಟ್ಟಿರುವ ಕೆಲಸವನ್ನು ಇಂದಿನ ಬರೆಹದ ಕನ್ನಡ ಒಂದೇ ಪದದ ಹೆಗಲಿಗೆ ಹೊರಿಸಿದೆ. ಇದನ್ನು ಕನ್ನಡದ ಪದದಾರಿದ್ರ್ಯವೆಂದು ಭಾವಿಸುವವರುಂಟು. ಆದರೆ ಮಾಡಲಿರುವ ಕೆಲಸವನ್ನು ಮುಂಚಿತವಾಗಿ ಆಲೋಚಿಸಿ ಅಣಿಗೊಳಿಸುವ ಕ್ರಿಯೆಗೆ ಕನ್ನಡದಲ್ಲಿ ಹೂಟ, ಹಂಚಿಕೆ, ಹವಣಿಕೆ, ಸಂಚು, ಬಗೆ, ಏರ್ಪಾಡು, ಉಪಾಯ, ಬೇತು, ಮಸಲತ್ತು, ಹುನ್ನಾರ ಮೊದಲಾದ ಪದಗಳಿವೆ. ಇಷ್ಟು ಪದಗಳಿದ್ದೂ ಒಂದು ಮಾತ್ರ ಕಚೇರಿಯ ಒಳಕ್ಕೆ ಹೋಗಿ ಕುಳಿತದ್ದೇಕೆ, ಉಳಿದವುಗಳಲ್ಲಿ ಬಹುಪಾಲು ಹೊರಗೆ ನಿಂತು ಕೆಟ್ಟ ಹೆಸರು ಹೊತ್ತದ್ದೇಕೆ ಎಂಬುದು ವಿಚಾರಿಸಬೇಕಾದ ಸಂಗತಿಯಾಗಿದೆ.

ಮೊದಲು ಇಂಗ್ಲಿಷ್ ಪದಗಳನ್ನು ನೋಡಬಹುದು. 'ಪ್ಲಾನ್' 17ನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಕಟ್ಟಡದ ತಳನಕ್ಷೆ ಎಂಬುದು. ಮನೆ ಕಟ್ಟುವವರು ಇಂದಿಗೂ 'ಪ್ಲಾನ್ ಪಾಸ್ ಮಾಡಿಸಬೇಕು' ಎನ್ನುವಾಗ ತಿಳಿಯದೆಯೇ ಆ ಮೂಲಾರ್ಥವನ್ನು ಉಳಿಸಿಕೊಂಡಿದ್ದಾರೆ. 'ಸ್ಕೀಮ್' ಗ್ರೀಕಿನ 'ಸ್ಕೀಮಾ' ಎಂಬುದರಿಂದ ಬಂದದ್ದು. ಆಕಾರ, ಆಕೃತಿ ಎಂದು ಅದರ ಅರ್ಥ. 'ಪ್ರಾಜೆಕ್ಟ್' ಲ್ಯಾಟಿನ್ ಮೂಲದ್ದು. ಮುಂದಕ್ಕೆ ಎಸೆದದ್ದು ಎಂದು ಅದನ್ನು ಬಿಡಿಸಬಹುದು. ಡೇನಿಯಲ್ ಡಿಫೋ 1697ರಲ್ಲಿ ಈ 'ಪ್ರಾಜೆಕ್ಟ್'ಗಳ ಕುರಿತೇ ಒಂದು ಪ್ರಬಂಧಗ್ರಂಥ ಪ್ರಕಟಿಸಿ ಬ್ಯಾಂಕು, ವಿಮೆ, ಸ್ತ್ರೀಶಿಕ್ಷಣಗಳ ಬಗ್ಗೆ ಸಲಹೆಗಳನ್ನು ಮುಂದಿಟ್ಟನು. 1726ರಲ್ಲಿ ಜೊನಾಥನ್ ಸ್ವಿಫ್ಟ್ 'ಗಲಿವರ್ಸ್ ಟ್ರಾವೆಲ್ಸ್' ಕೃತಿಯಲ್ಲಿ ಸೌತೆಕಾಯಿಯಿಂದ ಬಿಸಿಲನ್ನು ಹಿಂಡಿ ತೆಗೆಯಲು ಹೊರಟ ಪಂಡಿತರನ್ನು ಚಿತ್ರಿಸಿ ಅಂಥ ಸಲಹೆಗಾರರ ಕುಲವನ್ನೇ ಗೇಲಿ ಮಾಡಿದನು. 'ಪ್ಲಾಟ್' ಎಂಬ ಪದದ ನಡೆ ಇನ್ನೂ ಕುತೂಹಲಕರ. ನೆಲದ ತುಂಡು ಎಂಬ ಅರ್ಥದಿಂದ ಹೊರಟ ಅದು ನಕ್ಷೆಯಾಗಿ, ಬಳಿಕ ಗುಟ್ಟಿನ ಸಂಚಾಯಿತು. 1605ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಲು ನಡೆದ ಪ್ರಯತ್ನ ಚರಿತ್ರೆಯಲ್ಲಿ ಆ ಹೆಸರಿನಿಂದಲೇ ನಿಂತಿದೆ. 'ಸ್ಕೀಮ್' ಬ್ರಿಟಿಷರ ಬಳಕೆಯಲ್ಲಿ ಪಿಂಚಣಿ ವ್ಯವಸ್ಥೆಗೂ ಸಲ್ಲುತ್ತದೆ. ಅಮೆರಿಕನ್ನರ ಬಳಕೆಯಲ್ಲಿ ಅದಕ್ಕೆ ಹೆಚ್ಚಾಗಿ ಮೋಸದ ವಾಸನೆಯಿದೆ. ಹೀಗೆ ಮುಂದಾಲೋಚನೆಯ ಪದಗಳು ಸಂಶಯಕ್ಕೆ ಜಾರುವುದು ಕನ್ನಡಕ್ಕೆ ಮಾತ್ರ ಸೀಮಿತವಾದ ವಿದ್ಯಮಾನವಲ್ಲ.

ಇನ್ನು 'ಯೋಜನೆ'. ಇದರ ಮೂಲ ಸಂಸ್ಕೃತದ 'ಯುಜ್' ಧಾತು. ಕೂಡಿಸು, ನೊಗಕ್ಕೆ ಕಟ್ಟು ಎಂದು ಅದರ ಅರ್ಥ. ಹಳಗನ್ನಡ ಕಾವ್ಯಗಳ ಓದುಗರಿಗೆ 'ಯೋಜನ' ದೂರದ ಅಳತೆಯಾಗಿ ಪರಿಚಿತ. ಕಟ್ಟಿದ ನೊಗವನ್ನು ಬಿಚ್ಚದೆ ಒಮ್ಮೆಗೆ ಸಾಗಬಹುದಾದ ದಾರಿಯೇ ಯೋಜನ. ಕನ್ನಡದ 'ಹೂಡು' ಕ್ರಿಯಾಪದದ ಅರ್ಥವೂ ಇದೇ ಆಗಿದೆ. ಹಳಗನ್ನಡದಲ್ಲಿ 'ಪೂಡು' ಆಗಿದ್ದ ಇದು ಎತ್ತುಗಳನ್ನು ನೊಗಕ್ಕೆ ಕಟ್ಟುವ, ಬಾಣವನ್ನು ಬಿಲ್ಲಿಗೆ ಸೇರಿಸುವ ಕ್ರಿಯೆಯನ್ನು ಹೇಳುತ್ತದೆ. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಯುಗಾದಿಯ ಹೊತ್ತಿಗೆ ಹೊನ್ನಾರು ಹೂಡಿ ವರ್ಷದ ಬೇಸಾಯವನ್ನು ಆರಂಭಿಸುವ ಪದ್ಧತಿಯಿದೆ. ಆ 'ಹೂಡು' ಧಾತುವಿನ ನಾಮರೂಪವೇ 'ಹೂಟ'. ಒಂದು ವರ್ಷದ ಅನ್ನದ ಬಗ್ಗೆ ರೈತ ಮಾಡುವ ಮುಂದಾಲೋಚನೆಯನ್ನು ಈ ಪದ ನೊಗ, ನೇಗಿಲು, ಎತ್ತುಗಳ ಸಮೇತ ಕಣ್ಣಮುಂದೆ ತರುತ್ತದೆ.

ಯೋಜನೆ, ಹೂಟ ಎರಡೂ ಒಂದೇ ನೊಗದಿಂದ ಹುಟ್ಟಿದ ಪದಗಳು. ಆದರೆ ಇಂದು 'ಸರ್ಕಾರದ ಯೋಜನೆ' ಎಂದರೆ ಜನಹಿತದ ಕಾರ್ಯ. 'ಸರ್ಕಾರದ ಹೂಟ' ಎಂದರೆ ಆಪಾದನೆ. ಎರಡು ಪದಗಳ ನಡುವೆ ಬಿದ್ದಿರುವ ಈ ಅಂತರ ಮೂಲಾರ್ಥದಿಂದ ಬಂದದ್ದಲ್ಲ. ಯಾರು ಯಾವ ಪದವನ್ನು ಎಲ್ಲಿ ಬಳಸಿದರು ಎಂಬುದರಿಂದ ಬಂದದ್ದು.

'ಯೋಜನೆ'ಗೆ ಇಂದಿನ ಗೌರವ ದೊರೆತದ್ದು ಬಹುಮಟ್ಟಿಗೆ 20ನೆಯ ಶತಮಾನದಲ್ಲಿ. ಮೈಸೂರಿನ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ವಾದಿಸಿದ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ್ದು 1934ರಲ್ಲಿ. 1950ರಲ್ಲಿ ಯೋಜನಾ ಆಯೋಗ ರಚನೆಯಾಯಿತು. 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. 2015ರಲ್ಲಿ ಆಯೋಗದ ಸ್ಥಾನಕ್ಕೆ ನೀತಿ ಆಯೋಗ ಬಂದಿತು. 2017ರಲ್ಲಿ 12ನೆಯ ಯೋಜನೆ ಮುಗಿದ ಬಳಿಕ ಆ ಸರಣಿ ಮುಂದುವರಿಯಲಿಲ್ಲ. ಆದರೆ ಅಷ್ಟರಲ್ಲಿ ಪದ ಬೇರುಬಿಟ್ಟಾಗಿತ್ತು. ಪಠ್ಯಪುಸ್ತಕ, ಆಯವ್ಯಯ ಭಾಷಣ, ಪತ್ರಿಕೆ, ಗ್ರಾಮಸಭೆಗಳ ಮೂಲಕ ಅದು ಎಲ್ಲರ ಮಾತಾಯಿತು. ವಿಶ್ವವಿದ್ಯಾಲಯಗಳೂ ಇದಕ್ಕೆ ಹೊರತಲ್ಲ; ಅಧ್ಯಾಪಕರ 'ಕಿರು ಸಂಶೋಧನಾ ಯೋಜನೆ'ಗಳು ಇದೇ ಮನೆಯ ಮಕ್ಕಳು.

ಹೊರಗುಳಿದ ಪದಗಳ ಪಾಡನ್ನು ಗಮನಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. 'ಬಗೆ' ಎಂದರೆ ಆಲೋಚಿಸು, ಎಣಿಸು. ನಾಮಪದವಾಗಿ ಮನಸ್ಸು ಎಂಬ ಅರ್ಥವೂ ಅದಕ್ಕುಂಟು. ಇಂದು ಅದರ ಕ್ರಿಯಾರೂಪ ಹೆಚ್ಚಾಗಿ ಕಾಣಿಸಿಕೊಳ್ಳುವುದು 'ದ್ರೋಹ ಬಗೆ', 'ಕೇಡು ಬಗೆ' ಎಂಬಲ್ಲಿ. 'ಉಂಡ ಮನೆಗೆ ಎರಡು ಬಗೆಯಬಾರದು' ಎಂಬ ಗಾದೆಯಲ್ಲಿ. 'ಹವಣು' ಎಂದರೆ ಅಳತೆ, ಪ್ರಮಾಣ. ಅಳೆದು ನೋಡಿ ಸಿದ್ಧವಾಗುವುದು ಹವಣಿಕೆ. ಪತ್ರಿಕೆಗಳಲ್ಲಿ ಇಂದು ಹವಣಿಸುವವರು ಬಹುತೇಕ ಕಳ್ಳರು, ಕಬಳಿಸುವವರು. 'ಹಂಚಿಕೆ'ಯ ಬಾಳು ಎರಡಾಗಿ ಸೀಳಿದೆ: ನಿವೇಶನದ ಹಂಚಿಕೆ ಕಚೇರಿಯ ಕೆಲಸ, 'ಹಂಚಿಕೆ ಹಾಕುವುದು' ಕುಯುಕ್ತಿ. ಅರಬ್ಬಿಯಲ್ಲಿ ಒಳಿತು, ಹಿತ ಎಂಬ ಅರ್ಥವುಳ್ಳ 'ಮಸ್ಲಹತ್' ಕನ್ನಡದಲ್ಲಿ 'ಮಸಲತ್ತು' ಆಗಿ ಪಿತೂರಿಗೆ ಸಮೀಪವಾಯಿತು. ಕೌಶಲವನ್ನು ಸೂಚಿಸುವ ಪಾರ್ಸಿಯ 'ಹುನರ್' ಎಂಬುದರ ಬಂಧುವಾದ 'ಹುನ್ನಾರ'ವಂತೂ ನಮ್ಮ ವಿಮರ್ಶೆಯ ಪುಟಗಳಲ್ಲಿ ವಸಾಹತುಶಾಹಿ, ಪುರೋಹಿತಶಾಹಿ, ಮಾರುಕಟ್ಟೆಗಳ ಬೆನ್ನಿಗಲ್ಲದೆ ಬೇರೆಲ್ಲಿಯೂ ಕಾಣಿಸದಂತಾಗಿದೆ.

ಸಂಸ್ಕೃತ ಪದ ಮೇಲೇರಿತು, ದೇಸಿ ಪದ ಕೆಳಗಿಳಿಯಿತು ಎಂದು ಇದನ್ನು ಸುಲಭವಾಗಿ ಸೂತ್ರೀಕರಿಸುವ ಆಸೆ ಸಹಜ. ಆದರೆ ಸಾಕ್ಷ್ಯ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. 'ತಂತ್ರ', 'ಷಡ್ಯಂತ್ರ' ಸಂಸ್ಕೃತದವೇ ಆಗಿದ್ದೂ ಸಂಶಯದ ಸಾಲಿನಲ್ಲಿವೆ. ಇತ್ತ 'ಏರ್ಪಾಡು' ಮರ್ಯಾದೆ ಕಳೆದುಕೊಂಡಿಲ್ಲ. 'ಸಂಸಾರ ಹೂಡು', 'ಬಂಡವಾಳ ಹೂಡು' ಎಂಬಲ್ಲಿ 'ಹೂಡು' ಇನ್ನೂ ಗೌರವದಿಂದಿದೆ. ಆದ್ದರಿಂದ ಪದದ ಕುಲಕ್ಕಿಂತ ಅದನ್ನು ಆಡುವ ಸ್ಥಾನ ಇಲ್ಲಿ ಮುಖ್ಯವೆನ್ನಬೇಕಾಗುತ್ತದೆ. ಮುದ್ರೆಯೊತ್ತಿ ಪ್ರಕಟಿಸುವ ಅಧಿಕಾರವಿರುವವರ ಮುಂದಾಲೋಚನೆಗೆ 'ಯೋಜನೆ' ಎಂಬ ಹೆಸರು ಸಲ್ಲುತ್ತದೆ. ಆ ಅಧಿಕಾರವಿಲ್ಲದವರು ಕೂಡಿ ಆಲೋಚಿಸಿದರೆ ಅದಕ್ಕೆ ಹೂಟ, ಸಂಚು, ಮಸಲತ್ತು ಎಂಬ ಹೆಸರುಗಳು ಕಾದಿರುತ್ತವೆ.

ಇದು ಕೇವಲ ನಿಘಂಟಿನ ಸಮಸ್ಯೆಯಾಗಿದ್ದರೆ ಇಷ್ಟು ವಿವೇಚನೆ ಬೇಕಿರಲಿಲ್ಲ. 2013ರಲ್ಲಿ ಆರಂಭವಾದ 'ಅನ್ನಭಾಗ್ಯ ಯೋಜನೆ' ಪಡಿತರ ಚೀಟಿಯಿರುವ ಬಡವರ ಮನೆಗೆ ಅಕ್ಕಿ ತಂದಿತು. 2023ರ 'ಶಕ್ತಿ ಯೋಜನೆ' ಮಹಿಳೆಯರಿಗೆ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. 'ಕೃಷ್ಣಾ ಮೇಲ್ದಂಡೆ ಯೋಜನೆ' ಲಕ್ಷಾಂತರ ಎಕರೆಗೆ ನೀರಿನ ಭರವಸೆ ತಂದಿತು, ಅದರೊಡನೆ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಅನೇಕ ಹಳ್ಳಿಗಳನ್ನೂ ಎಬ್ಬಿಸಿತು. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಆಡಳಿತದ ಕನ್ನಡದಲ್ಲಿ ಹೆಸರು ಒಂದೇ. ಅದೇ ಪದದ ಬೆನ್ನಿಗೆ ಒಂದು ಕಡತದಲ್ಲಿ 'ಫಲಾನುಭವಿ' ಹುಟ್ಟುತ್ತಾನೆ, ಇನ್ನೊಂದು ಕಡತದಲ್ಲಿ 'ನಿರಾಶ್ರಿತ' ಹುಟ್ಟುತ್ತಾನೆ. ತನ್ನ ಊರಿಗೆ ಯೋಜನೆಯೊಂದು ಬರಲಿದೆ ಎಂಬ ಸುದ್ದಿ ಕೇಳಿದವನು ಅಕ್ಕಿಯ ಚೀಲವನ್ನು ನಿರೀಕ್ಷಿಸಬೇಕೋ, ಭೂಸ್ವಾಧೀನದ ನೋಟೀಸನ್ನೋ ಎಂಬುದನ್ನು ಆ ಪದ ತಿಳಿಸುವುದಿಲ್ಲ. ಇತ್ತೀಚೆಗೆ ಪತ್ರಿಕೆಗಳು 'ಪೋಂಜಿ ಯೋಜನೆ' ಎಂದೂ ಬರೆಯತೊಡಗಿವೆ. 1920ರಲ್ಲಿ ಬಾಸ್ಟನ್ನಿನಲ್ಲಿ ಹೊಸ ಹೂಡಿಕೆದಾರರ ಹಣದಿಂದ ಹಳಬರಿಗೆ ಲಾಭ ಕೊಟ್ಟು ವಂಚಿಸಿದ ಚಾರ್ಲ್ಸ್ ಪೋಂಜಿಯ ಮೋಸಕ್ಕೂ ಅನ್ನ ನೀಡುವ ವ್ಯವಸ್ಥೆಗೂ ಒಂದೇ ಪದವಾಯಿತು. ಇಲ್ಲಿ 'ಹೂಟ' ಎಂದಿದ್ದರೆ ಓದುಗನು ಹಣ ಕಟ್ಟುವ ಮೊದಲೇ ಎಚ್ಚರಗೊಳ್ಳುತ್ತಿದ್ದನು.

ಜನ ಮಾತ್ರ ಈ ಗೊಂದಲಕ್ಕೆ ತಮ್ಮದೇ ಪರಿಹಾರವನ್ನು ಕಂಡುಕೊಂಡಿದ್ದಾರೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನಡಿ ಸೇರಿದಾಗ ಅಲ್ಲಿನವರು ಅದನ್ನು ಕರೆದದ್ದು 'ಮುಳುಗಡೆ' ಎಂದು. ಮನೆ ಯೋಜನೆಗೆ ಹೋಯಿತು ಎನ್ನುವುದಕ್ಕಿಂತ ಮುಳುಗಡೆಯಲ್ಲಿ ಹೋಯಿತು ಎಂಬ ಮಾತೇ ಅವರಿಗೆ ಸಹಜ. ನಾ. ಡಿಸೋಜ ಅವರು ಆ ಬದುಕನ್ನು ಕುರಿತು ಬರೆದ ಕಾದಂಬರಿಗೆ ಇಟ್ಟ ಹೆಸರೂ 'ಮುಳುಗಡೆ'ಯೇ. ಎಂಜಿನಿಯರು ತನ್ನ ಉದ್ದೇಶದಿಂದ ಹೆಸರಿಸಿದ್ದನ್ನು ಸಂತ್ರಸ್ತರು ತಮಗೆ ಒದಗಿದ ಪರಿಣಾಮದಿಂದ ಹೆಸರಿಸಿದರು. ಅರ್ಥವಿಜ್ಞಾನದ ದೃಷ್ಟಿಯಿಂದ ಇವೆರಡೂ ಒಂದೇ ಘಟನೆಯನ್ನು ಸೂಚಿಸುವ ಪದಗಳಾದರೂ ಯಾವ ಪರ್ಯಾಯಪದಕೋಶವೂ ಇವನ್ನು ಅಕ್ಕಪಕ್ಕದಲ್ಲಿ ಕೂರಿಸಲಾರದು.

'ಯೋಜನೆ'ಯನ್ನು ಕೈಬಿಡಬೇಕೆಂಬುದು ಈ ವಿವೇಚನೆಯ ಆಶಯವಲ್ಲ. ಅದು ಈಗ ಕನ್ನಡದ್ದೇ ಪದ. ಆದರೆ ಅನುವಾದಕರು ಮೂಲದಲ್ಲಿರುವುದು ಪ್ಲಾನೋ, ಸ್ಕೀಮೋ, ಪ್ರಾಜೆಕ್ಟೋ ಎಂದು ನೋಡಿ ಮುನ್ನೆಣಿಕೆ, ಸೌಲಭ್ಯ, ಕಾಮಗಾರಿ ಎಂಬ ಬೇರೆ ಬೇರೆ ಪದಗಳಿಗೂ ಎಡೆ ಮಾಡಿಕೊಡಬಹುದು. ನಿಘಂಟುಕಾರರು ಬರೆಯ ಸಮಾನಾರ್ಥಕಗಳನ್ನು ಪೋಣಿಸುವುದರ ಜೊತೆಗೆ, ಒಂದು ಪದವನ್ನು ಯಾರು ಯಾರ ಬಗ್ಗೆ ಬಳಸುತ್ತಾರೆ ಎಂಬುದನ್ನೂ ದಾಖಲಿಸಬೇಕು. ಕನ್ನಡ ಅಧ್ಯಯನ ವಿಭಾಗಗಳು ಆಡಳಿತ ಕನ್ನಡದ ಪತ್ರಿಕೆಗಳಲ್ಲಿ ವ್ಯಾಕರಣದ ತಪ್ಪು ತಿದ್ದಿಸುವುದರೊಡನೆ ಈ ಕೆಲಸವನ್ನೂ ವಿದ್ಯಾರ್ಥಿಗಳಿಂದ ಮಾಡಿಸಬಹುದು: ಒಂದು ತಾಲ್ಲೂಕು ಕಚೇರಿಯ ಸೂಚನಾಫಲಕದಲ್ಲಿರುವ 'ಯೋಜನೆ'ಗಳನ್ನೆಲ್ಲ ಬರೆದುಕೊಂಡು, ಅವುಗಳಲ್ಲಿ ಕೊಡುವವು ಎಷ್ಟು, ತೆಗೆದುಕೊಳ್ಳುವವು ಎಷ್ಟು ಎಂದು ಎಣಿಸಿ, ಓದಲು ಬಂದವರು ಅವನ್ನು ಹೇಗೆ ಅರ್ಥೈಸಿಕೊಂಡರೆಂದು ಕೇಳುವುದು.